ಸಮಾಂತರ ಸಮತಲಕ್ಕೆ ಸೊನ್ನೆ ಏಕೆ?

ಮಾನ್ಯರೇ, ಅಕ್ಷಕ್ಕೆ ಸಮಾಂತರವಾದ ಸಮತಲದ ಮಿಲ್ಲರ್ ಸೂಚ್ಯಂಕ ಅನಂತವಾಗದೆ ಸೊನ್ನೆಯಾಗುವುದೇಕೆ ಎಂದು ಕೇಳಿದ್ದೀರಿ. ಹರಳಿನ ಸಮತಲವು ಅದರ ಮೂರು ಅಕ್ಷಗಳಿಗೆ ಹೇಗೆ ಓರೆಯಾಗಿದೆ ಎಂದು ತಿಳಿಸುವ ಸಂಖ್ಯೆಗಳೇ ಮಿಲ್ಲರ್ ಸೂಚ್ಯಂಕಗಳು. ಪ್ರತಿ ಸೂಚ್ಯಂಕವೆಂದರೆ ಛೇದದೂರದ (ಸಮತಲವು ಅಕ್ಷವನ್ನು ಕತ್ತರಿಸುವ ದೂರದ) ವ್ಯುತ್ಕ್ರಮ, ಅಂದರೆ 1ನ್ನು ಆ ದೂರದಿಂದ ಭಾಗಿಸಿದ ಫಲ. ಸಮಾಂತರ ಸಮತಲವು ಆ ಅಕ್ಷವನ್ನು ಎಲ್ಲಿಯೂ ಛೇದಿಸದ ಕಾರಣ ದೂರವು ಅನಂತವೂ ಅದರ ವ್ಯುತ್ಕ್ರಮವು ಸೊನ್ನೆಯೂ ಆಗುತ್ತದೆ. ಅಕ್ಷಗಳನ್ನು ಕ್ರಮವಾಗಿ 2, 3, ಅನಂತ ಏಕಮಾನಗಳಲ್ಲಿ ಛೇದಿಸುವ ಸಮತಲಕ್ಕೆ 1/2, 1/3, 0 ದೊರೆಯುತ್ತವೆ. ಭಿನ್ನರಾಶಿಗಳನ್ನು ಪೂರ್ಣಾಂಕಗಳಾಗಿಸಲು 6ರಿಂದ ಗುಣಿಸಿದರೆ 3, 2, 0, ಅಂದರೆ (320). ನಮ್ಮ ಚಿತ್ರದುರ್ಗದ ಸಮೀಪದ ಇಂಗಳದಾಳದ ತಾಮ್ರದ ಅದಿರಿನೊಡನೆ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಕೂಡ ಇದೆ. ಆ ಖನಿಜದ ಘನಾಕೃತಿಯ ಹರಳೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ, ಪ್ರತಿ ಮುಖವೂ ಒಂದೇ ಅಕ್ಷವನ್ನು ಛೇದಿಸಿ ಉಳಿದೆರಡಕ್ಕೆ ಸಮಾಂತರವಾಗಿರುವುದು, ಅಂದರೆ (100)ರ ಬಗೆಯದಾಗಿರುವುದು, ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ. ಎಕ್ಸ್-ಕಿರಣ ವಿವರ್ತನೆಯಲ್ಲಿ (ಹರಳಿನ ಸಮತಲಗಳಿಂದ ಚದುರುವ ಎಕ್ಸ್-ಕಿರಣಗಳ ಅಧ್ಯಯನದಲ್ಲಿ) ಮಾತ್ರ (200)ನ್ನು 2ರಿಂದ ಭಾಗಿಸಿ (100) ಎಂದು ಸಂಕ್ಷೇಪಿಸಬೇಡಿ. (200) ಸಮತಲಗಳ ನಡುವಿನ ಅಂತರ (100)ರದ್ದರ ಅರ್ಧದಷ್ಟಿರುತ್ತದೆ.