ಪೂರ್ತಿ ನುಡಿಸುವ ಹಟ ಮತ್ತು ನೊಂದ ಮುಂಗೈ: ಒಂದು ಆಪ್ತಸಲಹೆ ಪ್ರಕರಣ

ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದು, ಈಗ ಕಾರವಾರದ ಕಚೇರಿಯೊಂದರಲ್ಲಿ ಉದ್ಯೋಗದಲ್ಲಿರುವ, ಮೂವತ್ತರ ಆಸುಪಾಸಿನ ತರುಣರೊಬ್ಬರನ್ನು ಅವರ ಫಿಸಿಯೊಥೆರಪಿಸ್ಟ್ ನನ್ನ ಬಳಿಗೆ ಕಳುಹಿಸಿದ್ದರು. ಬಲಗೈಯ ಮುಂಗೈ ನೋವಿಗೆ ವಿಶ್ರಾಂತಿ ಬೇಕೆಂದು ಎಷ್ಟು ಹೇಳಿದರೂ ಇವರು ಗಿಟಾರ್ ಕೆಳಗಿಡುತ್ತಿರಲಿಲ್ಲ. ಕೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆಯ ಮೇರೆಗೆ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಸ್ವತಃ ಬಹುಕಾಲ ಶಾಸ್ತ್ರೀಯ ಗಿಟಾರ್ ಅಭ್ಯಾಸ ಮಾಡಿದ್ದರಿಂದ, ಮನಸ್ಸಿನ ಮಾತಿನ ಜೊತೆಗೆ ಕೈಯ ಮಾತನ್ನೂ ಆಡುವುದು ಈ ಸಂದರ್ಭದಲ್ಲಿ ಸಾಧ್ಯವಾಯಿತು.

ಇವರ ತಾಯಿ ಹಿಂದೂಸ್ತಾನಿ ಗಾಯನ ಕಲಿತವರು. ಮನೆಯಲ್ಲಿ ತಂಬೂರಿಯ ನಾದ ಕೇಳುತ್ತಲೇ ಬೆಳೆದ ಇವರು ಕಾರವಾರಕ್ಕೆ ಬಂದ ಮೇಲೆ ಗಿಟಾರಿನತ್ತ ವಾಲಿ, ರಜೆಯ ದಿನಗಳಲ್ಲಿ ರೈಲು ಹಿಡಿದು ಮಡಗಾಂವಿನ ಶಿಕ್ಷಕರೊಬ್ಬರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ (1852–1909) ರಚಿಸಿದ ‘ರೆಕ್ವೆರ್ದೊಸ್ ದೆ ಲಾ ಅಲಾಂಬ್ರಾ’ ಎಂಬ ಕೃತಿ ಇವರ ಮನಸ್ಸನ್ನು ಹಿಡಿದದ್ದು ಆಗಲೇ. ಗಿಟಾರಿನ ತಂತಿಯನ್ನು ಮೀಟಿದ ಕ್ಷಣದಿಂದಲೇ ಅದರ ನಾದ ಕ್ಷೀಣಿಸತೊಡಗುತ್ತದೆ. ಈ ಕೃತಿಯಲ್ಲಿ ಹೆಬ್ಬೆರಳು ಕೆಳಗಿನ ಸ್ವರಗಳನ್ನು ನುಡಿಸುತ್ತಿರುವಾಗ ಉಂಗುರಬೆರಳು, ನಡುಬೆರಳು, ತೋರುಬೆರಳು ಸರದಿಯಂತೆ ಒಂದೇ ಸ್ವರವನ್ನು ಮೂರು ಬಾರಿ ಮೀಟಿ, ರಾಗವು ಕಡಿಯದೆ ಹರಿಯುತ್ತಿರುವಂತೆ ಕೇಳಿಸುತ್ತವೆ. ಇದನ್ನೇ ಟ್ರೆಮೊಲೊ ಎನ್ನುತ್ತಾರೆ. ಕೃತಿಯ ಮೊದಲ ಭಾಗ ಪಾಶ್ಚಾತ್ಯ ಸ್ವರಶ್ರೇಣಿಯಾದ ಎ ಮೈನರ್‌ನಲ್ಲಿದ್ದು, ಮುಂದೆ ಎ ಮೇಜರ್‌ಗೆ ತಿರುಗುವ ಜಾಗ ಕೇಳುಗರಿಗೆ ಹಿತವೆನಿಸುವಷ್ಟೇ ನುಡಿಸುವವರಿಗೆ ಕಠಿಣವಾದದ್ದು.

ಗೆಳೆಯರ ಮನೆಯ ಒಂದು ಸಣ್ಣ ಕೂಟದಲ್ಲಿ ಇವರು ಇದನ್ನು ನುಡಿಸಲು ಹೋಗಿ, ಅರ್ಧಕ್ಕೇ ಬೆರಳು ತೊಡರಿ ನಿಲ್ಲಿಸಿದರು. ಯಾರೂ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಇವರ ಅಭ್ಯಾಸ ಮಧ್ಯರಾತ್ರಿಯವರೆಗೂ ನಡೆಯತೊಡಗಿತು. ಹೆಂಡತಿ ಊಟಕ್ಕೆ ಕರೆದರೆ ಸಿಡುಕುವುದು, ಕಚೇರಿಯಲ್ಲಿ ಕೀಬೋರ್ಡಿನ ಮೇಲೆ ಬೆರಳು ಇಟ್ಟ ಕೂಡಲೇ ಮುಂಗೈ ಸೆಳೆಯುವುದು, ರಾತ್ರಿ ನಿದ್ದೆ ಬಾರದಿರುವುದು ಒಂದರ ಹಿಂದೆ ಒಂದಾಗಿ ಬಂದವು. “ಒಂದು ದಿನ ಬಿಟ್ಟರೂ ಕೈ ಮರೆತುಹೋಗುತ್ತದೆ ಮೇಡಂ. ಇಷ್ಟು ವರ್ಷ ಕಲಿತು ಇದೊಂದು ಬರಲಿಲ್ಲ ಎಂದರೆ ನನಗೆ ಸಂಗೀತವೇ ಇಲ್ಲ ಎಂದಾಯಿತಲ್ಲ” ಎಂದು ಮೊದಲ ಭೇಟಿಯಲ್ಲಿ ಹೇಳಿದರು.

ಮುಂದಿನ ಭೇಟಿಗೆ ಗಿಟಾರ್ ತರಲು ತಿಳಿಸಿ, ನೋವು ಬರುವ ಮೊದಲೇ ನಿಲ್ಲಿಸಬೇಕೆಂಬ ಷರತ್ತಿನ ಮೇಲೆ ಸ್ವಲ್ಪ ನುಡಿಸಲು ಹೇಳಿದೆ. ಎಲ್ಲಿ ತಪ್ಪಿದರೂ ಇವರು ಮತ್ತೆ ಮೊದಲ ಬಾರಿನಿಂದ (ಬಾರು ಎಂದರೆ ಸ್ವರಲಿಪಿಯ ಒಂದು ತಾಳಖಂಡ) ಆರಂಭಿಸುತ್ತಿದ್ದರು. ಹೀಗೆ ಕೃತಿಯ ಆರಂಭ ಲೆಕ್ಕವಿಲ್ಲದಷ್ಟು ಸಲ ಕೈಗೆ ಬಂದಿತ್ತು. ಕೊನೆಯ ಪುಟ ಅಪರೂಪಕ್ಕೆ ಬರುತ್ತಿತ್ತು, ಅದೂ ಕೈ ದಣಿದ ಮೇಲೆ. “ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ?” ಎಂದು ಕೇಳಿದರೆ, “ಎಲ್ಲವೂ ಮೇಡಂ, ಪೂರ್ತಿಯೇ ಸರಿಯಿಲ್ಲ” ಎಂದರು. ಪ್ರಕರಣದ ಗಂಟು ಇರುವುದು ಈ ಉತ್ತರದಲ್ಲಿ ಎಂದು ನನಗೆ ಅನಿಸಿತು. ಬಂದರೆ ಪೂರ್ತಿ ಬರಬೇಕು, ಇಲ್ಲವಾದರೆ ಏನೂ ಬಂದಿಲ್ಲ ಎಂಬ ಈ ಆಲೋಚನಾಕ್ರಮ ಆಪ್ತಸಲಹೆಯಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುವಂಥದ್ದು. ಇಲ್ಲಿ ಅದು ಮನಸ್ಸನ್ನು ಕುಗ್ಗಿಸಿದ್ದಲ್ಲದೆ, ಕೈ ಎಲ್ಲಿ ತಪ್ಪುತ್ತಿದೆ ಎಂಬುದನ್ನು ನೋಡಲೂ ಬಿಡುತ್ತಿರಲಿಲ್ಲ.

ಕೃತಿಯನ್ನು ಬದಿಗಿಟ್ಟು, ಒಂದೇ ತಂತಿಯ ಮೇಲೆ ಅತಿ ನಿಧಾನವಾಗಿ ಟ್ರೆಮೊಲೊ ನುಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಲು ಹೇಳಿದೆ. ಅದನ್ನು ಇಬ್ಬರೂ ಕುಳಿತು ಕೇಳಿದಾಗ ದೋಷ ತಾನಾಗಿಯೇ ತೋರಿತು: ನಡುಬೆರಳು ಮತ್ತು ತೋರುಬೆರಳಿನ ಹೊಡೆತಗಳು ಒಂದಕ್ಕೊಂದು ಅಂಟಿಕೊಂಡು, ಅವುಗಳ ನಂತರ ಹೆಬ್ಬೆರಳಿಗೆ ಮೊದಲು ಒಂದು ಸಣ್ಣ ಬಿರುಕು ಉಳಿಯುತ್ತಿತ್ತು. ವೇಗದಲ್ಲಿ ಅದೇ ಬಿರುಕು ಕುಂಟುನಡಿಗೆಯಾಗಿ ಕೇಳುತ್ತಿತ್ತು. ಜೊತೆಗೆ ಹೆಬ್ಬೆರಳು ಐದನೆಯ ತಂತಿಯಿಂದ ಮೂರನೆಯದಕ್ಕೆ ಹಾರುವಾಗಲೆಲ್ಲ ಮಣಿಕಟ್ಟು ವಾಲುತ್ತಿತ್ತು, ಬಲಭುಜ ಮೇಲೇರುತ್ತಿತ್ತು, ಉಸಿರು ಕಟ್ಟುತ್ತಿತ್ತು. “ಇಷ್ಟೇನಾ?” ಎಂದು ಅವರು ಕೇಳಿದ ಧ್ವನಿಯಲ್ಲಿ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹಗುರತನವಿತ್ತು. ‘ನನಗೆ ಸಂಗೀತವೇ ಇಲ್ಲ’ ಎಂಬ ಮಾತಿಗೆ ಔಷಧಿಯಿಲ್ಲ. ‘ತೋರುಬೆರಳು ಬೇಗ ಬರುತ್ತಿದೆ’ ಎಂಬ ಮಾತಿಗೆ ಇದೆ.

ಈ ಹಂತದಲ್ಲಿ ಅವರ ತಾಯಿಯ ರಿಯಾಜಿನ (ಗಾಯನಾಭ್ಯಾಸದ) ಬಗ್ಗೆ ವಿಚಾರಿಸಿದೆ. ಕಠಿಣವಾದ ಒಂದು ತಾನ್ (ವೇಗದ ಸ್ವರಗುಚ್ಛ) ಬಾಯಿಗೆ ಬಾರದಿದ್ದಾಗ ತಾಯಿ ಬಂದಿಶನ್ನು (ಇಡೀ ಗೀತರಚನೆಯನ್ನು) ಮೊದಲಿನಿಂದ ಹಾಡುತ್ತಿದ್ದರೇ ಎಂದು ಕೇಳಿದಾಗ ಇವರು ನಕ್ಕರು. ಇಲ್ಲ, ತಾನಿನ ತುಣುಕನ್ನು ಬಿಡಿಸಿಕೊಂಡು, ಅದನ್ನೇ ಪಲ್ಟಾ (ಮತ್ತೆ ಮತ್ತೆ ಹಾಡುವ ಸ್ವರಾಭ್ಯಾಸ) ಮಾಡಿ, ಮೊದಲು ನಿಧಾನಲಯದಲ್ಲಿ, ಆಮೇಲೆ ಇಮ್ಮಡಿ ವೇಗದ ದುಗುನ್‌ನಲ್ಲಿ ತೀಡುತ್ತಿದ್ದರಂತೆ. ಮನೆಯಲ್ಲೇ ಇದ್ದ ಈ ತಿಳಿವಳಿಕೆಯನ್ನು ಗಿಟಾರಿಗೆ ಅನ್ವಯಿಸಬಹುದೆಂದು ಇವರಿಗೆ ಹೊಳೆದಿರಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು, ಅದರಲ್ಲಿ ರಿಯಾಯಿತಿ ಇರಲಿಲ್ಲ. ಫಿಸಿಯೊಥೆರಪಿಸ್ಟ್ ಅನುಮತಿ ಕೊಡುವವರೆಗೆ ಬಲಗೈಗೆ ಅಭ್ಯಾಸವಿಲ್ಲ. ನಂತರವೂ ನೋವು ಅಥವಾ ಜೋಮು ಕಂಡ ಕೂಡಲೇ ನಿಲ್ಲಿಸಬೇಕು. ನೋವೇ ಇಲ್ಲದೆ ಬೆರಳು ತಾನಾಗಿ ಒಳಕ್ಕೆ ಮುದುಡತೊಡಗಿದರೆ ಅದು ಬೇರೆಯ ಸಮಸ್ಯೆ ಇರಬಹುದಾದ್ದರಿಂದ, ಇನ್ನಷ್ಟು ಅಭ್ಯಾಸ ಮಾಡಿ ಸರಿಪಡಿಸಲು ಹೋಗದೆ ನರರೋಗ ತಜ್ಞರನ್ನು ಕಾಣಬೇಕು. ಕೈ ಮರೆತುಹೋಗುವ ಭಯಕ್ಕೆ ಪ್ರತಿಯಾಗಿ ಒಂದು ಸಂಗತಿಯನ್ನು ಅವರ ಮುಂದಿಟ್ಟೆ: 1993ರಲ್ಲಿ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಕುರಿತು ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಅಭ್ಯಾಸದ ದೀರ್ಘ ಗಂಟೆಗಳಿಗಾಗಿ ಎಲ್ಲರ ನೆನಪಿನಲ್ಲಿ ಉಳಿದಿದೆ, ಆದರೆ ಉತ್ತಮ ವಾದಕರು ನಡುನಡುವೆ ಬಿಡುವು ಕೊಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು, ಹಗಲು ನಿದ್ದೆಯನ್ನೂ ಮಾಡುತ್ತಿದ್ದರು ಎಂಬುದೂ ಅದೇ ಅಧ್ಯಯನದಲ್ಲಿದೆ.

ಎರಡನೆಯ ಸಲಹೆ ಕೃತಿಗಳ ಆಯ್ಕೆಗೆ ಸಂಬಂಧಿಸಿದ್ದು, ಅದನ್ನು ಅವರ ಶಿಕ್ಷಕರೊಡನೆ ಫೋನಿನಲ್ಲಿ ಚರ್ಚಿಸಿಯೇ ನಿರ್ಧರಿಸಿದೆವು. ಕಠಿಣ ಕೃತಿಗಳಿಂದ ಕೈ ಪಳಗುತ್ತದೆ ಎಂಬುದು ನಿಜ, ಮತ್ತು ಇವರಿಂದ ಆ ಆಸೆಯನ್ನು ಕಸಿದುಕೊಳ್ಳುವ ಉದ್ದೇಶ ನಮ್ಮಿಬ್ಬರಿಗೂ ಇರಲಿಲ್ಲ. ಆದರೆ ನಾಲ್ಕೈದು ತೊಡಕುಗಳು ಒಟ್ಟಿಗೆ ಬರುವ ಕೃತಿಯಲ್ಲಿ ಯಾವುದು ಕಲಿಸುತ್ತಿದೆ, ಯಾವುದು ಕೆಡಿಸುತ್ತಿದೆ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಇಟಲಿಯ ಗಿಟಾರ್ ವಾದಕ, ರಚನಕಾರ ಮಾತ್ತೆಯೊ ಕಾರ್ಕಾಸಿಯ ಓಪಸ್ (ಕೃತಿಸಂಖ್ಯೆ) 60ರ ಇಪ್ಪತ್ತೈದು ಅಭ್ಯಾಸಕೃತಿಗಳಲ್ಲಿ ಏಳನೆಯದನ್ನು ಆರಿಸಿದೆವು. ಅದೂ ಎ ಮೈನರ್‌ನಲ್ಲೇ ಇದೆ, ಅದರಲ್ಲಿಯೂ ಟ್ರೆಮೊಲೊ ಇದೆ, ಆದರೆ ಎಡಗೈಯ ಹೊರೆ ತಾರೆಗಾನ ಕೃತಿಯಷ್ಟಿಲ್ಲ. ಹೆಬ್ಬೆರಳು ಮತ್ತು ಮಣಿಕಟ್ಟಿಗಾಗಿ ಬ್ರೆಜಿಲಿನ ಸಂಗೀತ ರಚನಕಾರ ವಿಲ್ಲಾ-ಲೋಬೊಸ್‌ನ ಹನ್ನೆರಡು ಎಟ್ಯೂಡುಗಳಲ್ಲಿ (ಅಭ್ಯಾಸಕೃತಿಗಳಲ್ಲಿ) ಮೊದಲನೆಯದನ್ನು ಸೇರಿಸಿದೆವು. ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾಗೆ ಅರ್ಪಿತವಾಗಿ 1929ರ ಹೊತ್ತಿಗೆ ಪೂರ್ಣಗೊಂಡ, 1953ರಲ್ಲಿ ಅಚ್ಚಾದ ಈ ಮಾಲಿಕೆಯ ಮೊದಲ ಎಟ್ಯೂಡ್ ಹೊಸಬರನ್ನು ಹೆದರಿಸುತ್ತದೆ. ಆದರೆ ಅದರ ಕಟ್ಟಡ ಬಹಳ ದಯೆಯುಳ್ಳದ್ದು. ಬಲಗೈಯ ಬೆರಳುಗಳ ಕ್ರಮ ಹೆಚ್ಚುಕಡಿಮೆ ಉದ್ದಕ್ಕೂ ಒಂದೇ, ಬಹುತೇಕ ಪ್ರತಿ ಬಾರನ್ನೂ ಎರಡು ಸಲ ನುಡಿಸಬೇಕು, ನಡುಭಾಗದಲ್ಲಿ ಎಡಗೈ ಒಂದೇ ಆಕಾರವನ್ನು ಹಿಡಿದು ಫ್ರೆಟ್ ಫ್ರೆಟ್ಟಾಗಿ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕೆಳಗಿಳಿಯುತ್ತದೆ. ಒಮ್ಮೆ ಕೇಳಿಸಿಕೊಳ್ಳಲು, ಮತ್ತೊಮ್ಮೆ ತಿದ್ದಿಕೊಳ್ಳಲು ಕೃತಿಯೇ ಅವಕಾಶ ಕೊಡುತ್ತದೆ. ಎರಡನ್ನೂ ಮೆಟ್ರೊನೋಮಿನ (ಲಯ ತೋರಿಸುವ ಸಾಧನದ) ನಿಧಾನಗತಿಯಲ್ಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಗಿಟಾರ್ ಕೆಳಗಿಟ್ಟು ಅಭ್ಯಾಸ ಮಾಡಬೇಕೆಂದು ಒಪ್ಪಿಕೊಂಡರು. ‘ಅಲಾಂಬ್ರಾ’ವನ್ನು ನಿಷೇಧಿಸಲಿಲ್ಲ, ಆದರೆ ದಿನಕ್ಕೆ ನಾಲ್ಕೇ ಬಾರು, ಅದೂ ಕೊನೆಯ ಪುಟದಿಂದ ಹಿಂದಕ್ಕೆ ಬರುತ್ತ, ಎಂದು ಗೆರೆ ಎಳೆದೆವು.

ಮೂರನೆಯದು ಒಂದು ನೋಟುಪುಸ್ತಕ. ಎಡಪುಟದಲ್ಲಿ ಕಿವಿಗೆ ಕೇಳಿದ್ದು, ಬಲಪುಟದಲ್ಲಿ ಆಗ ಮನಸ್ಸಿಗೆ ಬಂದದ್ದು. “ಆರನೇ ಬಾರು, ಬ್ಯಾರೆ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒಟ್ಟಿಗೆ ಒತ್ತುವುದು) ಹಿಡಿಯುವಾಗ ಎರಡನೇ ತಂತಿ ಸತ್ತಿತು” ಎಂಬ ಸಾಲಿನ ಎದುರಿಗೆ “ನಾನು ಕೆಲಸಕ್ಕೆ ಬಾರದವನು” ಎಂದು ಬರೆದಿದ್ದನ್ನು ಅವರೇ ಒಂದು ದಿನ ತೋರಿಸಿ, ಎರಡಕ್ಕೂ ಸಂಬಂಧವೇ ಇಲ್ಲವಲ್ಲ ಎಂದರು. ನಾನು ವಾದಿಸಿ ಒಪ್ಪಿಸುವುದಕ್ಕಿಂತ ಇದು ಹೆಚ್ಚು ಬಾಳುವಂಥದ್ದು.

ಇಲ್ಲಿ ಕರಾವಳಿಯ ಕಲಿಕಾರ್ಥಿಗಳಿಗಾಗಿ ಒಂದು ಮಾತು ಸೇರಿಸಬೇಕು. ಬ್ಯಾರೆ ಹಿಡಿಯುವಾಗ ತಂತಿಯ ನಾದ ಸಾಯುತ್ತಿದ್ದುದರಲ್ಲಿ ವಾದ್ಯದ ಪಾಲೂ ಇತ್ತು. ಶಾಸ್ತ್ರೀಯ ಗಿಟಾರಿಗೆ ಶೇ. 45ರಿಂದ 55ರಷ್ಟು ತೇವಾಂಶ ಹಿತಕರ; ಕಾರವಾರದ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಬಹಳ ತೇವವಾಗಿರುವುದರಿಂದ ಮರ ಉಬ್ಬಿ, ತಂತಿಗಳು ಫ್ರೆಟ್ಟಿನಿಂದ ಮೇಲೇಳುತ್ತವೆ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಆರನೆಯ ತಂತಿ ಸುಮಾರು 4 ಮಿಲಿಮೀಟರ್, ಮೊದಲನೆಯದು ಸುಮಾರು 3 ಮಿಲಿಮೀಟರ್ ಎತ್ತರದಲ್ಲಿರುವುದು ರೂಢಿ. ಇವರ ವಾದ್ಯದಲ್ಲಿ ಅಳತೆ ಸಾಕಷ್ಟು ಮೀರಿತ್ತು. ಗಿಟಾರನ್ನು ಗೋಡೆಗೆ ಒರಗಿಸದೆ, ತೇವ ಹೀರುವ ಪೊಟ್ಟಣ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಇಡಲು ಹೇಳಿ, ರಿಪೇರಿಯವರಿಗೆ ತೋರಿಸಲು ಕಳುಹಿಸಿದೆ. ತನ್ನ ಬೆರಳಿನ ದುರ್ಬಲತೆ ಎಂದು ಅವರು ಹೊತ್ತುಕೊಂಡಿದ್ದ ಭಾರದ ಒಂದು ಭಾಗ ಅಲ್ಲಿಯೇ ಇಳಿಯಿತು.

ಹೆಂಡತಿಯನ್ನೂ ಒಮ್ಮೆ ಜೊತೆಯಲ್ಲಿ ಕರೆಸಿ ಮಾತಾಡಿದೆ. ಅವರಿಗೆ ಗಿಟಾರಿನ ಮೇಲೆ ಕೋಪವಿರಲಿಲ್ಲ. ಊಟದ ಹೊತ್ತಿಗೆ ಗಂಡ ಎದುರಿಗೆ ಕೂರಲಿ ಎಂಬುದಷ್ಟೇ ಇತ್ತು. ರಾತ್ರಿ ಒಂಬತ್ತರ ನಂತರ ಅಭ್ಯಾಸವಿಲ್ಲ ಎಂದು ಇಬ್ಬರೂ ನನ್ನೆದುರೇ ತೀರ್ಮಾನಿಸಿದರು.

ಈಗ ಮುಂಗೈಯ ಸೆಳೆತ ಬಹುಮಟ್ಟಿಗೆ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ. ಕಾರ್ಕಾಸಿಯ ಅಭ್ಯಾಸಕೃತಿ ಮಧ್ಯಮ ವೇಗದಲ್ಲಿ ಕುಂಟದೆ ಬರುತ್ತಿದೆ; ವಿಲ್ಲಾ-ಲೋಬೊಸ್‌ನ ನಡುಭಾಗದಲ್ಲಿ ಭುಜ ಇನ್ನೂ ಒಮ್ಮೊಮ್ಮೆ ಏರುತ್ತದೆ, ಆದರೆ ಏರಿದ್ದು ಅವರಿಗೇ ಗೊತ್ತಾಗುತ್ತದೆ. ‘ಅಲಾಂಬ್ರಾ’ ಪೂರ್ತಿ ಬಂದಿಲ್ಲ. ಅದನ್ನು ಮತ್ತೆ ಯಾರ ಮುಂದಾದರೂ ನುಡಿಸುವುದು ಯಾವಾಗ ಎಂಬ ತೀರ್ಮಾನವನ್ನು ಶಿಕ್ಷಕರಿಗೆ ಬಿಟ್ಟಿದ್ದೇವೆ. ಭೇಟಿಗಳನ್ನು ತಿಂಗಳಿಗೊಮ್ಮೆ ಇಳಿಸಿದ್ದು, ಪ್ರತಿ ಸಲವೂ ನೋಟುಪುಸ್ತಕ ತರುವುದು ಮತ್ತು ನೋವು ಮರುಕಳಿಸಿದರೆ ನನಗಿಂತ ಮೊದಲು ಫಿಸಿಯೊಥೆರಪಿಸ್ಟರನ್ನು ಕಾಣುವುದು ಎಂದು ಒಪ್ಪಂದವಾಗಿದೆ.