ಲೆಕ್ಕಪತ್ರ ವಿಭಾಗದಿಂದ ಡೇಟಾ ಅನಾಲಿಸಿಸ್‌ಗೆ ಹೋಗಲು ಮೊದಲು ಯಾವ ಕೋರ್ಸ್ ಮಾಡಬೇಕು?

ಹತ್ತು ವರ್ಷಗಳ ಲೆಕ್ಕಪತ್ರದ ಕೆಲಸವನ್ನು ಬದಿಗಿಟ್ಟು ಶೂನ್ಯದಿಂದ ಆರಂಭಿಸಲು ಸಿದ್ಧರಿದ್ದೀರಿ, ಯಾವ ಕೋರ್ಸ್ ಮೊದಲು ಎಂದು ಕೇಳಿದ್ದೀರಿ. ಶೂನ್ಯದಿಂದ ಆರಂಭಿಸಬೇಕೆಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ, ಏಕೆಂದರೆ ಅದೇ ಎಣಿಕೆಯಿಂದ ನಾನು ವರ್ಷಗಳನ್ನು ಕಳೆದುಕೊಂಡಿದ್ದೇನೆ.

ನಾನೂ ವೋಚರ್, ಲೆಡ್ಜರ್, ತಿಂಗಳ ಕೊನೆಯ ಬ್ಯಾಂಕ್ ರಿಕನ್ಸಿಲಿಯೇಷನ್‌ಗಳ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವ ಕೆಲಸ) ನಡುವೆಯೇ ಇದ್ದವಳು. ರಾಜೀನಾಮೆ ಕೊಟ್ಟು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ), ಪವರ್ ಬಿಐ (ವರದಿ, ಚಾರ್ಟ್ ತಯಾರಿಸುವ ಸಾಧನ) ಎಂದು ಒಂದರ ಹಿಂದೊಂದು ಕಲಿತೆ. ಕೈಯಲ್ಲಿ ಉಳಿತಾಯವಿತ್ತು, ಕಲಿಕೆಯೂ ಚೆನ್ನಾಗಿಯೇ ನಡೆಯಿತು. ನಾನು ಎಡವಿದ್ದು ರೆಸ್ಯೂಮೆಯಲ್ಲಿ. ಹಳೆಯ ಕೆಲಸ ಕಂಡರೆ ‘ಈಕೆ ಅಕೌಂಟೆಂಟ್’ ಎಂದು ಬದಿಗೆ ಸರಿಸುತ್ತಾರೆಂದು ಹೆದರಿ, ಅಷ್ಟೂ ವರ್ಷಗಳನ್ನು ಕೊನೆಯ ಒಂದೇ ಸಾಲಿಗೆ ಇಳಿಸಿ, ಮೇಲ್ಭಾಗವನ್ನೆಲ್ಲ ಪ್ರಮಾಣಪತ್ರಗಳಿಂದ ತುಂಬಿಸಿದೆ. ಇದರ ಪರಿಣಾಮವೇನೆಂದು ಆಗ ನನಗೆ ಹೊಳೆಯಲಿಲ್ಲ. ಪ್ರಮಾಣಪತ್ರವೊಂದೇ ನನ್ನ ಅರ್ಹತೆಯಾದಾಗ, ಅದೇ ಪ್ರಮಾಣಪತ್ರವಿದ್ದು ಕಡಿಮೆ ಸಂಬಳಕ್ಕೆ ಒಪ್ಪುವ, ಆಗಷ್ಟೇ ಕಾಲೇಜು ಮುಗಿಸಿದವರ ಸಾಲಿನಲ್ಲಿ ನಾನೇ ಹೋಗಿ ನಿಂತಂತಾಯಿತು. ಸಂದರ್ಶನಕ್ಕೆ ಕರೆದವರು ಕೂಡ, ನನ್ನ ವಯಸ್ಸಿಗೂ ಅನುಭವಕ್ಕೂ ಹೊಂದಾಣಿಕೆ ಕಾಣದೆ, ‘ಈ ನಡುವೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುತ್ತಿದ್ದರು. ನಾನು ಆ ಪ್ರಶ್ನೆಯನ್ನು ಆದಷ್ಟು ಬೇಗ ದಾಟಿಸಲು ನೋಡುತ್ತಿದ್ದೆ. ನನ್ನ ಬಳಿ ಮಾತ್ರವೇ ಇದ್ದದ್ದನ್ನು ಮುಚ್ಚಿಟ್ಟು, ಎಲ್ಲರ ಬಳಿಯೂ ಇದ್ದದ್ದನ್ನು ತೋರಿಸುತ್ತಿದ್ದೆ.

ಇದು ತಿಳಿದದ್ದು ಒಂದು ಸಂದರ್ಶನದ ಪರೀಕ್ಷೆಯಲ್ಲಿ. ಬಿಲ್ಲುಗಳದ್ದೊಂದು, ಪಾವತಿಗಳದ್ದೊಂದು ಎಂದು ಎರಡು ಕೋಷ್ಟಕಗಳನ್ನು ಕೊಟ್ಟು, ಅವುಗಳನ್ನು ಜೋಡಿಸಿ ಒಟ್ಟು ಮಾರಾಟ ತೋರಿಸಿ ಎಂದಿದ್ದರು. ಒಂದೇ ಬಿಲ್ಲಿಗೆ ಎರಡು ಕಂತಿನಲ್ಲಿ ಹಣ ಬಂದಿದ್ದರೆ, ಜಾಯಿನ್ ಮಾಡಿದಾಗ ಆ ಬಿಲ್ಲು ಎರಡು ಸಾಲುಗಳಲ್ಲಿ ಬರುತ್ತದೆ; ಮೊತ್ತ ಕೂಡಿದರೆ ಮಾರಾಟ ಉಬ್ಬುತ್ತದೆ. ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ) ಯಾವ ದೋಷವೂ ಕಾಣುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಮೂಲ ಕೋಷ್ಟಕದ ಮೊತ್ತದೊಂದಿಗೆ ತಾಳೆ ನೋಡದೆ ಉತ್ತರ ಕೊಡುವ ಅಭ್ಯಾಸ ನನಗಿರಲಿಲ್ಲವಾದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಇದನ್ನು ಯಾವ ಕೋರ್ಸಿನಲ್ಲಿ ಕಲಿತಿರಿ ಎಂದು ಕೇಳಿದರು. ಆ ದಿನ ಮೊದಲ ಬಾರಿಗೆ ನನ್ನ ಹಳೆಯ ಕೆಲಸದ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತನಾಡಿದೆ, ಕೆಲಸವೂ ಸಿಕ್ಕಿತು.

ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ 1494ರಲ್ಲಿ ಮುದ್ರಣಕ್ಕೆ ತಂದ ಜೋಡಿ ನಮೂದು (ಡಬಲ್ ಎಂಟ್ರಿ) ಲೆಕ್ಕ ಪದ್ಧತಿಯ ವಿವರಣೆಗೂ, ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ, ಎಸ್‌ಕ್ಯೂಎಲ್‌ಗೆ ಆಧಾರವಾದ ರಿಲೇಷನಲ್ ಮಾದರಿಗೂ (ದತ್ತಾಂಶವನ್ನು ಕೋಷ್ಟಕಗಳಾಗಿ ಇಡುವ ವಿಧಾನ) ನಡುವೆ ಶತಮಾನಗಳ ಅಂತರವಿದ್ದರೂ, ದಾಖಲೆ ತನ್ನೊಳಗೆ ತಾನು ವಿರೋಧಿಸಿಕೊಳ್ಳಬಾರದೆಂಬ ಕಾಳಜಿ ಎರಡರಲ್ಲೂ ಇದೆ. ಆ ಕಾಳಜಿ ನಿಮಗೆ ಈಗಾಗಲೇ ಮೈಗೂಡಿದೆ.

ಆದ್ದರಿಂದ ಸದ್ಯಕ್ಕೆ ರಾಜೀನಾಮೆ ಬೇಡ, ಪ್ರಮಾಣಪತ್ರಗಳನ್ನು ಕೂಡಿಹಾಕುವುದಂತೂ ಬೇಡವೇ ಬೇಡ. ಎಸ್‌ಕ್ಯೂಎಲ್ ಒಂದನ್ನೇ ಹಿಡಿಯಿರಿ. ಸೆಲೆಕ್ಟ್ (ಬೇಕಾದ ಮಾಹಿತಿ ಆಯ್ದುಕೊಳ್ಳಲು), ಜಾಯಿನ್ (ಕೋಷ್ಟಕಗಳನ್ನು ಜೋಡಿಸಲು), ಗ್ರೂಪ್ ಬೈ (ಗುಂಪುವಾರು ಮೊತ್ತ ತೆಗೆಯಲು) ಇಷ್ಟು ಬಂದರೆ ಕೆಲಸ ಆರಂಭಿಸಲು ಸಾಕು. ಪೈಥಾನ್ ಕಾಯಬಹುದು. ನಿಮ್ಮ ಕಚೇರಿಯಲ್ಲಿ ಪ್ರತಿ ತಿಂಗಳೂ ಎಕ್ಸೆಲ್‌ನಲ್ಲಿ ಕೈಯಾರೆ ತಯಾರಾಗುವ ವರದಿಯೊಂದು ಇದ್ದೇ ಇರುತ್ತದೆ. ಬಾಕಿ ವಸೂಲಿಯದ್ದೋ ವಿಭಾಗವಾರು ಖರ್ಚಿನದ್ದೋ ಇರಲಿ, ಮೇಲಧಿಕಾರಿಯ ಒಪ್ಪಿಗೆ ಪಡೆದು ಅದನ್ನು ಎಸ್‌ಕ್ಯೂಎಲ್‌ನಲ್ಲಿ ಮತ್ತೆ ಕಟ್ಟಿ, ಎರಡೂ ಮೊತ್ತಗಳು ತಾಳೆಯಾಗುವವರೆಗೂ ಬಿಡಬೇಡಿ. ಕಚೇರಿಯ ದತ್ತಾಂಶವನ್ನು ಮಾತ್ರ ಹೊರಗೆ ಒಯ್ಯಬೇಡಿ. ಹೊರಗಿನವರಿಗೆ ತೋರಿಸಲು ಅದೇ ರಚನೆಯ ಕಾಲ್ಪನಿಕ ಅಂಕಿಗಳನ್ನು ಬಳಸಿ. ರೆಸ್ಯೂಮೆಯ ಮೊದಲ ಸಾಲಿನಲ್ಲಿ ಲೆಕ್ಕಪತ್ರದ ಅನುಭವವನ್ನೂ ಅದರ ಕೆಳಗೆಯೇ ಈ ವರದಿಯನ್ನೂ ಬರೆಯಿರಿ. ಅರ್ಜಿಯನ್ನು ಎಲ್ಲ ಅನಾಲಿಸ್ಟ್ ಹುದ್ದೆಗಳಿಗೂ ಹಾಕದೆ, ಹಣಕಾಸು, ಆಡಿಟ್, ಬಿಲ್ಲಿಂಗ್‌ನ ದತ್ತಾಂಶ ನೋಡಿಕೊಳ್ಳುವ ತಂಡಗಳಿಗೇ ಮೊದಲು ಹಾಕಿ. ನಿಮ್ಮ ಈಗಿನ ಸಂಸ್ಥೆಯಲ್ಲೇ ಅಂಥ ತಂಡವಿದ್ದರೆ ಈ ವಾರವೇ ಅವರೊಂದಿಗೆ ಮಾತನಾಡಿ.