ತುಂಡು ತಂತಿಯ ಮಾರ್ಗ: ಅಧ್ಯಯನ ಎಲ್ಲಿಂದ ಆರಂಭಿಸಬೇಕು?

ಶಾಖಾ ರೈಲುಮಾರ್ಗವೊಂದಕ್ಕೆ ಉದ್ದಕ್ಕೂ ವಿದ್ಯುತ್ ತಂತಿ ಎಳೆಯದೆ ಕೆಲವು ಭಾಗಗಳಿಗಷ್ಟೇ ಎಳೆದು, ಉಳಿದೆಡೆ ರೈಲನ್ನು ಬ್ಯಾಟರಿಯಿಂದ ಓಡಿಸಿದರೆ ಸಾಕೇ ಎಂಬುದನ್ನು ಹೇಗೆ ಪರಿಶೀಲಿಸಬೇಕೆಂದು ತಾವು ಕೇಳಿದ್ದೀರಿ. ನನ್ನ ಸಲಹೆಯೆಂದರೆ, ಕಿಲೋಮೀಟರಿನ ಸರಾಸರಿ ವೆಚ್ಚವನ್ನು ಬದಿಗಿಟ್ಟು, ತಗ್ಗಾದ ಸೇತುವೆಗಳು ಮತ್ತು ಸುರಂಗಗಳ ಪಟ್ಟಿಯಿಂದ ಆರಂಭಿಸಿ; ತಂತಿಗೆ ಜಾಗ ಮಾಡಿಕೊಡಬೇಕಾದ್ದರಿಂದ ಹಳೆಯ ಮಾರ್ಗಗಳಲ್ಲಿ ಹಣ ಕರಗುವುದು ಹೆಚ್ಚಾಗಿ ಅಲ್ಲಿಯೇ. ವೇಲ್ಸ್‌ನ ಕಾರ್ಡಿಫ್ ನಗರದ ಉತ್ತರಕ್ಕಿರುವ ಕಣಿವೆ ಮಾರ್ಗಗಳಲ್ಲಿ 25 ಕಿಲೋವೋಲ್ಟ್ ತಂತಿಯನ್ನು ಇಂತಹ ಅಡೆತಡೆಗಳ ಬಳಿ ಬಿಟ್ಟು ಎಳೆಯಲಾಗಿದೆ. ಉದ್ದನೆಯ ಕೆರ್ಫಿಲಿ ಸುರಂಗವನ್ನು ರೈಲುಗಳು ಬ್ಯಾಟರಿಯ ಬಲದಿಂದ ದಾಟುತ್ತವೆ.

ನಂತರ ಏರುಹಾದಿಗಳನ್ನೂ ರೈಲು ನಿಂತು ಹೊರಡುವ ನಿಲ್ದಾಣಗಳನ್ನೂ ಗುರುತಿಸಿ, ಶಕ್ತಿಯ ಬಳಕೆ ಅತಿ ಹೆಚ್ಚಿರುವ ಅಂತಹ ಕಡೆಗಳಿಗೇ ತಂತಿಯನ್ನು ಮೀಸಲಿಡಿ. ಬಹಳ ಮಂದಿ ಮರೆಯುವ ಅಂಶವೊಂದಿದೆ: ನಿಂತ ರೈಲು ಹೆಚ್ಚು ವಿದ್ಯುತ್ತನ್ನು ಸೆಳೆದರೆ ಮೇಲಿನ ತಂತಿ ಒಂದೇ ಬಿಂದುವಿನಲ್ಲಿ ಬಿಸಿಯಾಗುವುದರಿಂದ, ನಿಲ್ದಾಣದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ವೇಗಕ್ಕೆ ಮಿತಿಯುಂಟು. ಆದ್ದರಿಂದ ವೇಳಾಪಟ್ಟಿಯನ್ನು ಸಮಯಪಾಲನೆಯ ದಿನಕ್ಕಲ್ಲ, ರೈಲು ತಡವಾಗಿ ಬಂದು ಬೇಗನೆ ಹೊರಡಬೇಕಾದ ಚಳಿಗಾಲದ ದಿನಕ್ಕೆ ಪರೀಕ್ಷಿಸಬೇಕು. ಬೋಗಿ ಬೆಚ್ಚಗಿಡುವ ಹೊರೆಯೂ ಬ್ಯಾಟರಿಯ ಮೇಲೆಯೇ ಬೀಳುತ್ತದೆ.

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ 2023ರಿಂದ ಬ್ಯಾಟರಿ ರೈಲುಗಳ ಸೇವೆ ನಡೆಯುತ್ತಿದೆಯಾದರೂ, ಅದು ಬಹುತೇಕ ಸಮತಟ್ಟಾದ ಪ್ರದೇಶ. ಅಲ್ಲಿನ ಬಳಕೆಯ ಅಂಕಿಗಳನ್ನು ಬೆಟ್ಟದ ಮಾರ್ಗಕ್ಕೆ ಹಾಗೆಯೇ ಹೊಂದಿಸಲಾಗದು. ತಮ್ಮ ಮಾರ್ಗದಲ್ಲಿ ಭಾರೀ ಸರಕು ರೈಲುಗಳು ಓಡುತ್ತಿದ್ದರೆ, ಪೂರ್ಣ ವಿದ್ಯುದೀಕರಣವನ್ನೇ ಮೊದಲು ತೂಗಿ ನೋಡಿ.